ದಡಕ್ಕೆ ಬೆನ್ನು ಮಾಡಿದ ಚಿತ್ರಕಾರ

ಕುವೈತಿನ ಆಸ್ಪತ್ರೆಯೊಂದರಲ್ಲಿ ನಾನು ಫಿಸಿಯೋಥೆರಪಿಸ್ಟ್. ಬಲಭುಜದ ಆಪರೇಷನ್ ಆದ ಫ್ರೆಂಚ್ ಚಿತ್ರಕಾರರೊಬ್ಬರು ಒಂದು ಚಳಿಗಾಲ ನನ್ನ ಬಳಿ ವ್ಯಾಯಾಮಕ್ಕೆ ಬರತೊಡಗಿದರು. ವಯಸ್ಸು ಅರವತ್ತು ದಾಟಿತ್ತು. ಹೆಂಡತಿ ಇಲ್ಲಿ ಟೀಚರ್. ಚಿತ್ರ ಬರೆಯುವವರ ಅಂಗೈ ಮೆತ್ತಗಿರುತ್ತದೆ ಎಂದುಕೊಂಡಿದ್ದೆ. ಇವರದು ನಮ್ಮೂರ ಕಡವಿನಲ್ಲಿ ಹೊಳೆ ದಾಟಿಸುವ ದೋಣಿಯವರ ಕೈಯಂತೆ ಜಡ್ಡುಗಟ್ಟಿತ್ತು.

ದೋಣಿಗೆ ಹುಟ್ಟು ಹಾಕುವುದೇ ಅವರ ಹುಚ್ಚು. ದಿನಾ ಬೆಳಿಗ್ಗೆ ಸಾಲ್ಮಿಯಾದ ಕಡಲಿಗೆ ಮರದ ಪುಟ್ಟ ದೋಣಿ ಇಳಿಸಿ, ದೂರ ಹೋಗಿ, ಮರಳಿ ಬಂದ ಮೇಲೇ ಚಿತ್ರಕ್ಕೆ ಕೂರುತ್ತಿದ್ದರಂತೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಹಾಗಾಗಿ ಅವರು ಬರೆದದ್ದೆಲ್ಲ ಹಿಂದೆ ಸರಿಯುವ ದಡ: ಮಂಜಿನಲ್ಲಿ ಕರಗುವ ಕಟ್ಟಡಗಳು, ನೀರಿನ ಮೇಲೆ ದೋಣಿ ಬಿಟ್ಟುಹೋದ ಗೆರೆ.

ಬ್ರಷ್ ಹಿಡಿಯಬಹುದು, ಹುಟ್ಟು ಮಾತ್ರ ಇನ್ನೆಂದೂ ಬೇಡ ಎಂದು ಡಾಕ್ಟರು ಹೇಳಿದ ದಿನ ಅವರು ವ್ಯಾಯಾಮಕ್ಕೆ ತೋಳನ್ನೇ ಎತ್ತಲಿಲ್ಲ. ಚಿತ್ರವಾದರೂ ಬರೆಯಬಹುದಲ್ಲ ಸರ್ ಅಂದೆ.

“ಕಡಲಿಗೆ ಹೋಗದೆ ಏನನ್ನು ಬರೆಯಲಿ?” ಅಂದರು.

ಅಬ್ಬಾಸಿಯಾದ ನಮ್ಮ ಫ್ಲಾಟಿನಲ್ಲಿ ಇದನ್ನು ಗಂಡನಿಗೆ ಹೇಳಿದೆ. “ನೀನು ಕುದ್ರುವಿನಲ್ಲಿ ಬೆಳೆದವಳಲ್ವಾ, ನೀನೇ ಕರ್ಕೊಂಡು ಹೋಗು,” ಅಂದರು. ನಿಜ, ಹೊಳೆ ನಡುವಿನ ಆ ತುಂಡು ನೆಲದಿಂದ ಶಾಲೆಗೂ ಚರ್ಚಿಗೂ ನಾವು ದೋಣಿಯಲ್ಲೇ ಹೋಗುತ್ತಿದ್ದದ್ದು. ಆದರೆ ಎರಡು ಕೈಗೂ ಒಂದೊಂದು ಹುಟ್ಟು ಹಿಡಿದವಳಲ್ಲ ನಾನು.

ಶುಕ್ರವಾರ ಬೆಳಿಗ್ಗೆ ಹೊರಟೆವು. ಚಿತ್ರಕಾರರ ಹೆಂಡತಿಗೆ ನೀರೆಂದರೆ ಭಯ. ನನ್ನ ಗಂಡನ ಜೊತೆ ದಡದಲ್ಲೇ ನಿಂತರು. ಮೊದಮೊದಲು ದೋಣಿ ಬುಗುರಿಯಂತೆ ಸುತ್ತಿತು. ಚಿತ್ರಕಾರರು ನನ್ನೆದುರು ದೋಣಿಯ ಹಿಂಬದಿಯಲ್ಲಿ ಕೂತು, ಎಡಕ್ಕೆ, ಬಲಕ್ಕೆ, ನಿಧಾನ ಎನ್ನುತ್ತಿದ್ದರು. ಕ್ರಮೇಣ ಹುಟ್ಟುಗಳ ಸದ್ದು ಉಸಿರಿನ ಜೊತೆ ಸೇರಿಕೊಂಡಿತು. ಗಾಳಿ ಇರಲಿಲ್ಲ. ಕಡಲು ಹಾಲಿನ ಕೆನೆಯಂತಿತ್ತು. ಆಕಾಶ ಎಲ್ಲಿ ಮುಗಿಯಿತೋ, ನೀರು ಎಲ್ಲಿ ಶುರುವಾಯಿತೋ ತಿಳಿಯುತ್ತಿರಲಿಲ್ಲ. ನಾವು ಎಲ್ಲಿದ್ದೇವೆಂದೇ ನನಗೆ ಮರೆತಿತ್ತು. ಆಗ ಅವರು ಹೇಳುವುದನ್ನು ನಿಲ್ಲಿಸಿ ನನ್ನ ಹೆಗಲಾಚೆ ನೋಡತೊಡಗಿದರು.

“ಜೀವನವಿಡೀ ದೋಣಿಯಲ್ಲಿ ಕಳೆದೆ,” ಅಂದರು. “ಎದುರಿಗೆ ಬರುವುದನ್ನು ಇವತ್ತೇ ನೋಡುತ್ತಿರುವುದು.”

ನಾನು ತಿರುಗಿ ನೋಡಲಿಲ್ಲ. ಏನು ಬರುತ್ತಿತ್ತೆಂದು ವಾರದ ಬಳಿಕ ಅವರ ಮನೆಯ ಗೋಡೆಯ ಮೇಲೆ ಕಂಡೆ. ಬಿಳಿ ಮಂಜು, ಅದರೊಳಗಿಂದ ಇನ್ನೂ ಪೂರ್ತಿ ಮೂಡದ ಮೀನಿನ ದೋಣಿಯೊಂದರ ಮೂತಿ, ಒಂದು ಅಂಚಿನಲ್ಲಿ ಯಾರದೋ ಹೆಗಲು. ನನ್ನದೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಚಳಿ ಮುಗಿಯುವವರೆಗೂ ಶುಕ್ರವಾರಗಳಲ್ಲಿ ಹೋದೆವು. ಒಂದು ದಿನ ಅವರ ಹೆಂಡತಿ ಚಪ್ಪಲಿ ಬಿಚ್ಚಿಟ್ಟು ಸೀದಾ ನೀರಿಗಿಳಿದು ಬಂದರು. ಹುಟ್ಟು ಹಾಕುವುದನ್ನು ತನಗೂ ಕಲಿಸುತ್ತೀಯಾ ಎಂದು ನನ್ನನ್ನು ಕೇಳಿದರು. ಹುಟ್ಟುಗಳನ್ನು ಹಿಡಿದವರು ದಡ ಮುಟ್ಟುವವರೆಗೂ ಬಿಡಲಿಲ್ಲ.

ಆಕೆಯ ಕೆಲಸ ಮುಗಿದು ಅವರಿಬ್ಬರೂ ಊರಿಗೆ ಮರಳುವ ಹಿಂದಿನ ಶುಕ್ರವಾರ ನಾನೂ ಗಂಡನೂ ದಡದಲ್ಲಿ ಕೂತು ಚಹಾ ಕುಡಿದೆವು. ದೋಣಿ ನಮ್ಮಿಂದ ದೂರ ಸರಿಯುತ್ತಿತ್ತು. ಹಿಂಬದಿಯಲ್ಲಿ ಅವರು ಎಡಗೈ ಎತ್ತಿ ಫ್ರೆಂಚಿನಲ್ಲಿ ಏನೋ ಹೇಳುತ್ತಿದ್ದರು. ಆಕೆ ನಗುತ್ತಾ ತಪ್ಪು ದಿಕ್ಕಿಗೇ ಹುಟ್ಟು ಹಾಕುತ್ತಿದ್ದರು.