ಹೆಚ್ಚು ಮತ ಬಂದವರು ಸೋತ ವಾರ

ದುಬೈಯ ಮಿರ್ದಿಫ್‌ನಲ್ಲಿ ನಮ್ಮ ಪಕ್ಕದ ವಿಲ್ಲಾದಲ್ಲಿ ಅಮೆರಿಕದ ಒಬ್ಬ ಟೀಚರ್ ಮತ್ತು ಅವರ ಗಂಡ ಇದ್ದರು. ೨೦೧೬ರ ಅಧ್ಯಕ್ಷ ಚುನಾವಣೆಗೆ ಇಬ್ಬರೂ ಅಂಚೆಯಲ್ಲಿ ಮತ ಕಳುಹಿಸಿದ್ದರು, ಬೇರೆ ಬೇರೆ ಅಭ್ಯರ್ಥಿಗಳಿಗೆ. ಟೀಚರ್ ಬೆಂಬಲಿಸಿದವರು ಸೋತರು. ಫಲಿತಾಂಶ ಬಂದಾಗಿನಿಂದ ಅವರಿಗೆ ಗಂಡನೊಡನೆ ಮಾತಿರಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ಒಬ್ಬರೇ ನಮ್ಮ ಮನೆಗೆ ಬಂದರು.

ನಮ್ಮ ಮಗಳು ಇಂಗ್ಲಿಷಿನಲ್ಲಿ ಕೇಳಿದಳು, "ಆಂಟಿ, ಜಾಸ್ತಿ ವೋಟು ಬಂದದ್ದು ನಿಮ್ಮವರಿಗೇ ಅಲ್ವಾ? ಮತ್ತೆ ಸೋತದ್ದು ಹೇಗೆ?"

"ಅದೆಲ್ಲ ಈಗ ಕೇಳುದು ಬೇಡ ಮಗಾ," ಎಂದಳು ನನ್ನ ಹೆಂಡತಿ.

ಟೀಚರ್ ಮಾತ್ರ ತರಗತಿಯಲ್ಲಿದ್ದಂತೆ ನೆಟ್ಟಗಾದರು. "ನಾವು ಇಡೀ ದೇಶದ ಮತ ಕೂಡಿಸಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೂ ಅಧ್ಯಕ್ಷರನ್ನು ಆರಿಸುವ ಇಂತಿಷ್ಟು ಪ್ರತಿನಿಧಿಗಳಿರುತ್ತಾರೆ. ಹೆಚ್ಚಿನ ಕಡೆ ರಾಜ್ಯ ಗೆದ್ದವರಿಗೆ ಆ ಪ್ರತಿನಿಧಿಗಳೆಲ್ಲರ ಮತವೂ ಹೋಗುತ್ತದೆ."

"ಅದು ಸರಿಯಾ?" ಎಂದಳು ಮಗಳು.

"ನನಗೆ ಸರಿ ಅನಿಸುವುದಿಲ್ಲ. ಆದರೆ ಮತ ಹಾಕುವಾಗ ನಿಯಮ ಗೊತ್ತಿತ್ತು. ಸೋತ ಮೇಲೆ ಒಪ್ಪುವುದಿಲ್ಲ ಎನ್ನಲಾಗದು. ಸಂವಿಧಾನ ತಿದ್ದಲು ದಾರಿಯಿದೆ. ಬಹಳ ಕಷ್ಟದ ದಾರಿ."

ಸೋಲನ್ನು ಒಪ್ಪಿಕೊಂಡೂ ನಿಯಮದೊಂದಿಗೆ ಜಗಳ ಮುಂದುವರಿಸಬಹುದು ಎಂಬುದನ್ನು ಅಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಅಂದು ಸಂಜೆ ಪಕ್ಕದ ವಿಲ್ಲಾದ ಗಂಡ ಹೆಂಡತಿ ಗಟ್ಟಿಯಾಗಿ ವಾದಿಸುತ್ತಾ, ಒಟ್ಟಿಗೆ ವಾಕಿಂಗ್ ಹೊರಟರು.