ಹಿಂದಿನ ಸೀಟಿನ ಕೆಳಗಿನ ಮಾಲೀಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಸಾಗರದ ಬಳಿಯ ಹೊಳೆಬಾಗಿಲಿನಿಂದ ಸ್ವಲ್ಪ ಈಚೆ, ಬೇಸಿಗೆಗೆ ಹಿನ್ನೀರು ಇಳಿದು ಬಯಲಾಗಿರುವ ಜಾಗದಲ್ಲಿ ಉದ್ದ ಮೂತಿಯ ಒಂದು ಕಪ್ಪು ಕಾರು ಮೆಲ್ಲಗೆ ಉರುಳುತ್ತಿದೆ. ಸ್ಟೇರಿಂಗ್ ಹಿಡಿದು ಕೂತಿರುವವಳು ಹೊಸನಗರದ ರ‍್ಯಾಪ್ ಹಾಡುಗಾರ್ತಿ ಶ್ರಾವ್ಯಾ. ಕಣ್ಣಿಗೆ ಕಪ್ಪು ಕನ್ನಡಕ, ಕತ್ತಿಗೆ ಹಗ್ಗದಷ್ಟು ದಪ್ಪದ ಸರ, ಮುಖದಲ್ಲಿ ಇಡೀ ತಾಲ್ಲೂಕನ್ನೇ ತನ್ನ ಹೆಸರಿಗೆ ಬರೆಸಿಕೊಂಡ ಗತ್ತು. ಇದು ಅವಳ ಮೊದಲ ವಿಡಿಯೊ. ಅವಳಿಗೆ ಕಾರು ಓಡಿಸಲು ಬರುವುದಿಲ್ಲ.

ಓಡಿಸಲು ಬರುವವರು ಅದೇ ಕಾರಿನೊಳಗೆ ಇದ್ದಾರೆ, ಆದರೆ ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಿಂದಿನ ಸೀಟಿನವರು ಕಾಲಿಡುವ ಜಾಗದಲ್ಲಿ ಮುದುಡಿ ಮಲಗಿದ್ದಾರೆ. ಒಂದು ಕೈ ಎರಡು ಸೀಟುಗಳ ನಡುವಿನ ಹ್ಯಾಂಡ್ ಬ್ರೇಕಿನ ಮೇಲಿದೆ. ಅಲ್ಲಿಂದಲೇ ಮಾತು ಕೇಳುತ್ತದೆ: "ಬ್ರೇಕಿಂದ ಕಾಲು ನಿಧಾನ ತೆಗೀರಿ ಮೇಡಂ. ಬೇರೆ ಎಂತದೂ ಮುಟ್ಬೇಡಿ, ಆಟೊಮ್ಯಾಟಿಕ್ ಗಾಡಿ, ಅದೇ ಹೋಗ್ತದೆ. ನೀವು ಸಿಟ್ಟು ಮಾಡ್ಕೊಂಡು ಹಾಡಿ."

"ಕಟ್" ಎಂದ ಮೇಲೆ ಹಿಂದಿನ ಬಾಗಿಲು ತೆರೆದು ಐವತ್ತು ದಾಟಿದ ಒಬ್ಬರು ಮೊಣಕಾಲು ಹಿಡಿದುಕೊಂಡು ಇಳಿಯುತ್ತಾರೆ. ಅಂಗಿಗೆ ಅಂಟಿದ ಧೂಳು ಕೊಡವಿಕೊಳ್ಳುವ ಮೊದಲು ಕಾರಿನ ಬಾನೆಟ್ ಒರೆಸುತ್ತಾರೆ. ಇವರು ತೀರ್ಥಹಳ್ಳಿಯ ಸುರೇಂದ್ರ. ನಮ್ಮ ಕಡೆಯ ಹಿಪ್ ಹಾಪ್ ಹಾಡುಗಳನ್ನು ನೀವು ನೋಡುವವರಾದರೆ ಇವರ ಕಾರನ್ನು ಬೇಕಾದಷ್ಟು ಸಲ ನೋಡಿದ್ದೀರಿ. ಒಮ್ಮೆ ಕಪ್ಪು, ಒಮ್ಮೆ ಬಿಳಿ, ಒಮ್ಮೆ ಹೊಳಪಿಲ್ಲದ ಹಸಿರು. ಹಾಡಿಗೊಬ್ಬ ಒಡೆಯ, ಒಡೆಯನಿಗೊಂದು ಬಣ್ಣ. ಕಾರು ಮಾತ್ರ ಒಂದೇ. ಬಣ್ಣದ ಫಿಲ್ಮ್ ಅಂಟಿಸುವುದು, ಕೀಳುವುದು ಎಲ್ಲವೂ ಇವರದೇ ಕೈಕೆಲಸ.

ಹಿಪ್ ಹಾಪಿಗೂ ಕಾರಿಗೂ ಏನು ನಂಟೋ ನನಗೆ ತಿಳಿಯದು. ನಾನು ಇವತ್ತಿಗೂ ಬಸ್ಸಿನ ಗಿರಾಕಿ. ಆದರೆ ಆ ಹಾಡುಗಳ ಲೆಕ್ಕ ಸರಳವಾಗಿದೆ. ಬಡತನದಲ್ಲಿ ಹುಟ್ಟಿದೆ, ನಕ್ಕವರ ಎದುರು ಗೆದ್ದೆ, ನೋಡು ಈಗ ನನ್ನ ಕಾರು, ಇಷ್ಟೇ. ಗೆದ್ದ ಮೇಲೆ ಕಾರು ಕೊಳ್ಳುವವರಿಗೆ ತೊಂದರೆಯಿಲ್ಲ. ಗೆಲ್ಲುವುದಕ್ಕೇ ಕಾರು ಬೇಕಾದವರು ಏನು ಮಾಡಬೇಕು? ಅವರು ಸುರೇಂದ್ರ ಅವರಿಗೆ ಫೋನ್ ಮಾಡುತ್ತಾರೆ.

ಸುರೇಂದ್ರ ಹುಟ್ಟಿದ್ದು ಗದ್ದೆ ಮಾಡುವ ಮನೆಯಲ್ಲಿ. ಪಾಲಾಗಿ ಪಾಲಾಗಿ ಇವರ ಕೈಗೆ ಬಂದ ಗದ್ದೆಯಲ್ಲಿ ಎತ್ತು ತಿರುಗಿಸಲೂ ಜಾಗವಿರಲಿಲ್ಲ. ಖಾಸಗಿ ಬಸ್ಸು ಓಡಿಸಿದರು. ಆಗುಂಬೆ ಘಾಟಿ ಹತ್ತಿಳಿದು ಸೊಂಟ ಹೋಯಿತು. ಆಗ ಊರಿನ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ಈ ವಿದೇಶಿ ಕಾರು ಶೆಡ್ಡಿನಲ್ಲಿ ಕೋಳಿಗಳಿಗೆ ಮನೆಯಾಗಿತ್ತು. ಮದುವೆ ಬಾಡಿಗೆಗೆ ಓಡಿಸಬಹುದು ಎಂದು ಸುರೇಂದ್ರ ಅವರಿಗೆ ಆಸೆ ಹುಟ್ಟಿತು. ತಾಯಿ ವರದಮ್ಮ ಮರುಮಾತಾಡದೆ ಕತ್ತಿನಲ್ಲಿದ್ದ ಕಾಸಿನ ಸರ ಬಿಚ್ಚಿ ಕೊಟ್ಟರು. "ನಂಗೆ ಎಂತಕ್ಕೆ ಸರ? ಅದನ್ನ ಹಾಕ್ಕೊಂಡು ನಾನು ಎಲ್ಲಿಗೆ ಹೋಗ್ಬೇಕಿತ್ತು," ಎನ್ನುತ್ತಾರೆ ವರದಮ್ಮ. ಹೀಗೆ ಹೇಳುವಾಗಲೂ ಅವರ ಕೈ ಒಮ್ಮೆ ಕತ್ತು ಮುಟ್ಟಿ ಬರುತ್ತದೆ. ಅಂದಿನಿಂದ ಪ್ರತಿ ಶುಕ್ರವಾರ ಅವರು ಕಾರಿಗೆ ಕುಂಕುಮವಿಟ್ಟು, ಬಾನೆಟ್ಟಿನ ಮೇಲೆ ಒಂದು ಕೆಂಪು ದಾಸವಾಳ ಇಡುತ್ತಾರೆ.

ಕೆಲಸ ಕಷ್ಟದ್ದೇ. ಮಳೆಗಾಲದಲ್ಲಿ ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತದೆ, ದಿನಾ ಒಣಬಟ್ಟೆಯಲ್ಲಿ ತಿಕ್ಕಬೇಕು. ಇಲಿ ವೈರು ಕಡಿಯುತ್ತದೆ. ಬಿಡಿಭಾಗ ಸಿಗುವುದಿಲ್ಲ, ಸಿಕ್ಕಿದರೆ ಬೆಲೆ ಕೇಳಿ ನೀರು ಕುಡಿಯಬೇಕು. ಬಯಲಿನ ಮಣ್ಣಿನಲ್ಲಿ ಚಕ್ರ ಹೂತರೆ ಅಡಿಗೆ ಹಾಕಲೆಂದು ಡಿಕ್ಕಿಯಲ್ಲಿ ಯಾವಾಗಲೂ ಅಡಿಕೆ ಹಾಳೆಗಳ ಒಂದು ಕಟ್ಟು ಇರುತ್ತದೆ. ಮದುವೆಯ ಹೂವಂತೂ ಎಷ್ಟು ಗುಡಿಸಿದರೂ ಮುಗಿಯುವುದಿಲ್ಲ. ಒಮ್ಮೆ ಒಬ್ಬ ಹಾಡುಗಾರ ಹಲ್ಲು ಕಡಿಯುತ್ತಾ ಶತ್ರುಗಳಿಗೆ ಸವಾಲು ಹಾಕುತ್ತಿದ್ದಾಗ ಎ.ಸಿ.ಯ ಕಿಂಡಿಯಿಂದ ಹಿಂದಿನ ದಿನದ ಗುಲಾಬಿ ಎಸಳು ಹಾರಿ ಬಂದು ಅವನ ತುಟಿಗೆ ಅಂಟಿತಂತೆ. ಯಾವ ಹಾಡುಗಾರ ಎಂದು ಕೇಳಿದೆ. ಊಹೂಂ. ಚಹಾ ಕೊಡಿಸಿ ಕೇಳಿದೆ, ದಾರಿಯಲ್ಲಿ ಬೇರೆ ಮಾತಿನ ನಡುವೆ ನುಸುಳಿಸಿ ಕೇಳಿದೆ. ಸುರೇಂದ್ರ ನಕ್ಕರು, ಬಾಯಿ ಬಿಡಲಿಲ್ಲ.

ಅದು ಅವರ ವೃತ್ತಿಯ ನಿಯಮ. ಕಾರು ಯಾರದೆಂದು ಅವರಾಗಿ ಹೇಳುವುದಿಲ್ಲ. "ಮದುವೆ ಕಾರಿನ ಹಿಂದಿನ ಗ್ಲಾಸಿನ ಮೇಲೆ ಹುಡುಗ ಹುಡುಗಿ ಹೆಸ್ರು ಇರ್ತದೆ, ನನ್ನ ಹೆಸ್ರು ಇರ್ತದಾ? ಮದುಮಗಳು ಕೂತಾಗ ಇದು ಬಾಡಿಗೆದಾ ಅಂತ ಯಾರಾದ್ರೂ ಕೇಳ್ತಾರಾ? ಆ ದಿನ ಅದು ಅವ್ಳದ್ದೇ. ಹಾಡೋರಿಗೂ ಹಾಗೇ ಸರ್. ಯಾರು ಕೂತಿರ್ತಾರೋ ಆ ಹೊತ್ತಿಗೆ ಅವ್ರದ್ದು," ಎನ್ನುತ್ತಾರೆ. ಹೊಸಬರ ಬಳಿ ದುಡ್ಡಿಲ್ಲದಿದ್ದರೆ ಪೆಟ್ರೋಲಿನದು ಮಾತ್ರ ತೆಗೆದುಕೊಳ್ಳುತ್ತಾರೆ. ಕಾರನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಅದಕ್ಕೇ ಹಿಂದೆ ಮಲಗುವುದು.

ಹಾಗೆ ಹಿಂದೆ ಮಲಗಿಕೊಂಡೇ ಅವರು ಕಾರಿನಲ್ಲಿ ಕೂರಿಸಿದ ಮೊದಲ ಹಾಡುಗಾರ ಸಾಗರದ ಅಭಿರಾಮ. ವರದಹಳ್ಳಿ ಕಡೆಯ ಹವ್ಯಕರ ಮನೆಯ ಹುಡುಗ, 'ಹಾಳೆಟೊಪ್ಪಿ' ಎಂಬ ಹೆಸರಿನಲ್ಲಿ, ತಲೆಗೆ ಅಡಿಕೆ ಹಾಳೆಯ ನಿಜವಾದ ಟೊಪ್ಪಿಯನ್ನೇ ಇಟ್ಟುಕೊಂಡು ಹಾಡುವವನು. ನೆಂಟರ ಮದುವೆಯಲ್ಲಿ ಈ ಕಾರು ನೋಡಿ ಬೆನ್ನುಬಿದ್ದಿದ್ದ. ಚಿತ್ರೀಕರಣದ ದಿನ ಹುಮ್ಮಸ್ಸಿನಲ್ಲಿ ಆಕ್ಸಿಲರೇಟರ್ ಒತ್ತಿಯೇಬಿಟ್ಟ. ಕೆಳಗಿನಿಂದ ಸುರೇಂದ್ರ ಕೂಗಿದರು: "ನಿಧಾನ ಮಾರಾಯ್ರೆ, ನೀವು ಕೂತಿರದು ನಮ್ಮಮ್ಮನ ಸರದ ಮೇಲೆ!"

ಆ ಹಾಡು ಗೆದ್ದಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅಭಿರಾಮ ಈಗ ದೊಡ್ಡ ಹೆಸರು. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಓಡುವ ಕೆಂಪು ಕಾರು ಕೊಂಡಿದ್ದಾನೆ. ಆ ಬೆಲೆಗೆ ಸಾಗರದಲ್ಲಿ ಎರಡು ಮನೆ ಬರುತ್ತವೆ. ಸ್ವಂತ ದುಡಿಮೆಯ ಕಾರು, ಮೆಚ್ಚಲೇಬೇಕು. ಎಡವಟ್ಟಾದದ್ದು ಒಂದು ಸಂದರ್ಶನದಲ್ಲಿ. ಮೊದಲ ಹಾಡಿನ ಕಪ್ಪು ಕಾರಿನ ಬಗ್ಗೆ ಕೇಳಿದಾಗ, "ಅದು ನನ್ನ ಮೊದಲ ದುಡಿಮೆಯಲ್ಲಿ ತಗೊಂಡಿದ್ದು," ಎಂದುಬಿಟ್ಟ.

ಜನ ಸುಮ್ಮನಿರುತ್ತಾರೆಯೇ? ಸುರೇಂದ್ರ ಅವರ ಕಾರಿನ ಹಿಂದಿನ ಎಡ ಬಾಗಿಲಲ್ಲಿ ಅಂಗೈಯಗಲದ ಒಂದು ತಗ್ಗಿದೆ. ಮದುವೆಯೊಂದರಲ್ಲಿ ಹುಡುಗಿಯ ಸೋದರಮಾವ ಕಾರಿನ ಮುಂದೆ ಈಡುಗಾಯಿ ಹೊಡೆಯಲು ಹೋಗಿ, ಉತ್ಸಾಹ ಹೆಚ್ಚಾಗಿ ಬಾಗಿಲಿಗೇ ಬೀಸಿದ್ದರ ಗುರುತು. ಶುಭಕಾರ್ಯದ್ದು, ಇರಲಿ ಎಂದು ಸುರೇಂದ್ರ ಅದನ್ನು ತೆಗೆಸಿರಲಿಲ್ಲ. ಯಾರೋ ಒಬ್ಬರು ಬೇರೆ ಬೇರೆ ಹಾಡುಗಾರರ ಮೂರು ಬಣ್ಣದ ಕಾರುಗಳನ್ನು ಪಕ್ಕಪಕ್ಕ ಇಟ್ಟು ಆ ತಗ್ಗಿಗೆ ಗುರುತು ಹಾಕಿದರು. ಬಾಡಿಗೆ ಕಾರಿನ ಹೀರೊ ಎಂದು ಜನ ಅಭಿರಾಮನನ್ನು ಹರಿದು ಮುಕ್ಕತೊಡಗಿದರು. ಯೂಟ್ಯೂಬಿನವರು ಹುಡುಕಿಕೊಂಡು ತೀರ್ಥಹಳ್ಳಿಗೇ ಬಂದು ಸುರೇಂದ್ರ ಅವರ ಬಾಯಿಗೆ ಮೈಕು ಹಿಡಿದರು.

ಒಂದು ಮಾತು ಸಾಕಿತ್ತು. ಕಾರು ನನ್ನದು ಎಂದಿದ್ದರೆ ಅವತ್ತೇ ಹೆಸರು ಬರುತ್ತಿತ್ತು. ಸುರೇಂದ್ರ ಹೇಳಿದ್ದು ಹೀಗೆ: "ಅದು ಅಭಿರಾಮ್ ಅವರದ್ದೇ ಕಾರು. ಆಮೇಲೆ ಅವ್ರ ಹತ್ರ ನಾನು ತಗೊಂಡೆ."

ಬಾಗಿಲಲ್ಲಿ ನಿಂತಿದ್ದ ವರದಮ್ಮನಿಗೆ ಈ ಮಾತು ಕೇಳಿಸಿತು. "ನನ್ ಸರ ಮಾರಿ ತಂದಿದ್ದು ಅವನದ್ದಾಯ್ತಾ?" ಎಂದಷ್ಟೇ ಕೇಳಿ ಒಳಗೆ ಹೋದರು. ಮುಂದಿನ ಶುಕ್ರವಾರ ಕಾರಿನ ಮೇಲೆ ಹೂವಿರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇಲ್ಲ. ಕೋಳಿ ಓಡಿಸಿ ಆ ಕಾರು ಹೊರಗೆ ತಂದದ್ದನ್ನು ಕಣ್ಣಾರೆ ಕಂಡಿದ್ದ ಊರಿನವರೂ ಪೇಟೆಯಲ್ಲಿ ಕಿಚಾಯಿಸತೊಡಗಿದರು. ಕೆಲವರಿಗೆ ಸುರೇಂದ್ರ ಸುಳ್ಳುಗಾರ, ಕೆಲವರಿಗೆ ಹಾಳೆಟೊಪ್ಪಿಯ ಹಳೇ ಕಾರಿನ ಗಿರಾಕಿ. ಬದುಕಿನಲ್ಲಿ ನನ್ನದು ಎಂದು ಹೇಳಿಕೊಳ್ಳಲು ಆ ಮನುಷ್ಯನಿಗೆ ಇದ್ದದ್ದು ಅದೊಂದೇ ಕಾರು, ಅದನ್ನೂ ಬಾಯಾರೆ ಬಿಟ್ಟುಕೊಟ್ಟು ಕೂತಿದ್ದರು. ಇದನ್ನು ಕೇಳಿದಾಗ ನಾನು ಅವರನ್ನು ಯಾಕೆ ಹಾಗೆ ಹೇಳಿದಿರಿ ಎಂದು ಗದರಿಯೇ ಕೇಳಿದೆ.

"ಎಂತ ಮಾಡದು ಸರ್? ಕಾರು ಕೊಟ್ಟಾಗ ಮರ್ಯಾದೆನೂ ಸೇರ್ಸಿ ಕೊಟ್ಟಂಗೆ ಅಲ್ದಾ? ಅರ್ಧ ದಾರೀಲಿ ಮದುಮಗಳನ್ನ ಇಳ್ಸಿ ಹೋಗಕ್ಕೆ ಆಗ್ತದಾ?" ಎಂದರು. "ಅಮ್ಮ ಮಾತು ಬಿಟ್ಟಿದ್ದು ಮಾತ್ರ ತಡ್ಕೊಳ್ಳಕ್ಕಾಗ್ಲಿಲ್ಲ," ಎಂದೂ ಸೇರಿಸಿದರು.

ಅಭಿರಾಮ ಆ ವಿಡಿಯೊ ನೋಡಿದ. ನೋಡಿಯೂ ತಿಂಗಳುಗಟ್ಟಲೆ ಸುಮ್ಮನಿದ್ದ. ಮೊನ್ನೆ ನಾನು ಫೋನಿನಲ್ಲಿ ಮಾತಾಡಿಸಿದಾಗ ಅವನೇ ಒಪ್ಪಿಕೊಂಡ: "ಸುಳ್ಳು ಹೇಳಿದ್ದು ನಾನು, ಅದನ್ನ ಹೊತ್ಕೊಂಡಿದ್ದು ಅವ್ರು. ಫೋನ್ ಮಾಡಕ್ಕೇ ಮುಖ ಇರ್ಲಿಲ್ಲ." ಕೊನೆಗೆ ಅವನಿಗೊಂದು ನೆವ ಸಿಕ್ಕಿದ್ದು ತನ್ನದೇ ಮದುವೆಯಲ್ಲಿ. ಮದುವೆಯಾಗುವ ಹುಡುಗಿ ಸೌಜನ್ಯ ಕೆಂಪು ಕಾರನ್ನು ನೋಡಿ, "ಪಟ್ಟೆಸೀರೆ ಉಟ್ಕಂಡು ಇದ್ರಲ್ಲಿ ಕೂರಲೂ ಆಗ್ತಿಲ್ಲೆ, ಏಳಲೂ ಆಗ್ತಿಲ್ಲೆ," ಎಂದು ಖಡಾಖಂಡಿತ ಹೇಳಿದಳಂತೆ. ಅಭಿರಾಮ ಸುರೇಂದ್ರ ಅವರಿಗೆ ಫೋನ್ ಮಾಡಿದ. ಅವರು ಹಳೆಯದೊಂದನ್ನೂ ಎತ್ತಲಿಲ್ಲ, ಎಷ್ಟು ಗಂಟೆಗೆ ಬರಬೇಕು ಎಂದಷ್ಟೇ ಕೇಳಿದರು.

ಸಾಗರದ ಆ ಮದುವೆಗೆ ಹೋಳಿಗೆ ಊಟದ ಆಸೆಗೆ ಹೋದವನು ನಾನು. ಹಾಲ್‌ನ ಗೇಟಿನಲ್ಲಿ ಕೆಂಪು ಕಾರಿನ ಜೊತೆ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿತ್ತು. ಊಟ ಮುಗಿದು ಮದುಮಕ್ಕಳು ಹೊರಡುವ ಹೊತ್ತಿಗೆ ಮೆಟ್ಟಿಲ ಬುಡಕ್ಕೆ ಬಂದು ನಿಂತದ್ದು ಹೂ ಮುಡಿದ ಕಪ್ಪು ಕಾರು. ಅಭಿರಾಮನಿಗೆ ಹೆಣ್ಣು ಕೊಟ್ಟ ಮಾವ ಗಣಪಯ್ಯನವರು ಎಲೆಅಡಿಕೆ ಮೆಲ್ಲುತ್ತಾ ಬಂದು ಬಾಗಿಲು ಸವರಿ, "ಕಾರು ರಾಶಿ ಚೊಲೋ ಇದ್ದು. ಯಾರದ್ದು ಇದು?" ಎಂದು ಕೇಳಿದರು.

ಸುರೇಂದ್ರ ತಡಮಾಡಲಿಲ್ಲ. "ಅಭಿರಾಮ್ ಅವರದ್ದೇ. ನಾನು ಓಡ್ಸೋನು ಅಷ್ಟೆ," ಎಂದರು.

ಕಾರು ಹತ್ತಲು ಒಂದು ಕಾಲು ಒಳಗಿಟ್ಟಿದ್ದ ಅಭಿರಾಮ ಕಾಲು ಹೊರಗೆ ತೆಗೆದ. "ಅಲ್ಲ ಮಾವ, ಇವ್ರದ್ದು," ಎಂದ. "ಯನ್ನ ಹಾಡಲ್ಲಿ ಇದ್ದದ್ದೂ ಇದೇಯ. ಆನು ಬಾಡಿಗೆಗೆ ತಂದಿದ್ದಿ. ಆಮೇಲೆ ಕಾರು ಯನ್ನದೇ ಹೇಳಿ ಸುಳ್ಳು ಹೇಳಿದ್ದಿ."

ಗಣಪಯ್ಯನವರು ಅಗಿಯುವುದನ್ನು ನಿಲ್ಲಿಸಿದರು. ಸುತ್ತ ಹತ್ತಾರು ಮೊಬೈಲುಗಳು ವಿಡಿಯೊ ಹಿಡಿಯುತ್ತಿದ್ದವು. ಅಭಿರಾಮ ಅವುಗಳ ಕಡೆ ತಿರುಗಿ ಎಲ್ಲರಿಗೂ ತಿಳಿಯುವಂತೆ ಹೇಳಿದ: "ಸುರೇಂದ್ರಣ್ಣನ ಅಮ್ಮ ವರದಮ್ಮನವರು ಕತ್ತಿನ ಸರ ಮಾರಿ ಕೊಡಿಸಿದ ಕಾರು ಇದು. ನಾನು ಆ ಸರದ ಮೇಲೆ ಕೂತು ಹಾಡಿದವನು. ಈ ಅಣ್ಣ ಹಿಂದಿನ ಸೀಟಿನ ಕೆಳಗೆ ಮಲಗಿದ್ರು." ಸುರೇಂದ್ರ ತಲೆ ತಗ್ಗಿಸಿ, ಸ್ವಚ್ಛವಾಗಿಯೇ ಇದ್ದ ಗಾಜನ್ನು ಒರೆಸತೊಡಗಿದರು. ನನ್ನ ಕಣ್ಣು ಒದ್ದೆಯಾದದ್ದನ್ನು ಮುಚ್ಚಿಡುವುದಿಲ್ಲ. ಪಕ್ಕದಲ್ಲಿದ್ದವರ ಕಣ್ಣೂ ಹಾಗೇ ಇತ್ತು.

ಆ ವಿಡಿಯೊವನ್ನು ವರದಮ್ಮ ತಮ್ಮ ಮನೆಯ ಜಗಲಿಯಲ್ಲಿ ನನಗೂ ತೋರಿಸಿದರು. ಇಷ್ಟು ವರ್ಷ ಒಂದೊಂದು ಹಾಡನ್ನೂ ಮಗ ಎಲ್ಲಾದರೂ ಕಾಣುತ್ತಾನೋ ಎಂದು ನೋಡಿದವರು ಅವರು. ಒಂದರಲ್ಲಿ ಮಗನ ಮೊಣಕೈ ಕಂಡಿತ್ತಂತೆ, ಇನ್ನೊಂದರಲ್ಲಿ ಟವೆಲಿನ ತುದಿ. "ಈಗ ಪೂರ್ತಿ ಕಂಡ. ಸ್ವಲ್ಪ ತಲೆ ಬಾಚ್ಕೊಂಡಿದ್ರೆ ಆಗ್ತಿತ್ತು," ಎನ್ನುತ್ತಾರೆ. ಅಭಿರಾಮನ ಮೇಲೆ ಸಿಟ್ಟು ಹೋಯಿತೇ ಎಂದು ಕೇಳಿದರೆ, "ಎಲ್ರ ಎದ್ರಿಗೆ ಹೇಳದು ಸುಲಭ ಅಲ್ಲ. ಒಳ್ಳೇ ಹುಡ್ಗ," ಎನ್ನುತ್ತಾರೆ.

ಇತ್ತ ಹೊಳೆಬಾಗಿಲಿನ ಬಯಲಲ್ಲಿ ಬಿಸಿಲು ಏರುತ್ತಿದೆ. ಶ್ರಾವ್ಯಾಳ ಇನ್ನೊಂದು ಸುತ್ತಿನ ಚಿತ್ರೀಕರಣಕ್ಕೆ ಕ್ಯಾಮೆರಾ ಸಿದ್ಧವಾಗಿದೆ. "ಈಗ ಎಲ್ರಿಗೂ ಗೊತ್ತಾಗಿದೆಯಲ್ಲ ಸುರೇಂದ್ರಣ್ಣ, ಪಕ್ಕದಲ್ಲೇ ಕೂತ್ಕೊಳ್ಳಿ," ಎಂದು ಅವಳು ಕರೆಯುತ್ತಾಳೆ. ಅವರು ಒಪ್ಪುವುದಿಲ್ಲ. ಅವಳ ಹಾಡಿನಲ್ಲಿ ಅವಳೊಬ್ಬಳೇ ಇರಬೇಕಂತೆ. ಹಿಂದಿನ ಬಾಗಿಲು ತೆಗೆದು ಮೊಣಕಾಲೂರಿ ಒಳಗೆ ಸರಿಯುತ್ತಾರೆ. ಹಾಗಾದರೆ ಈ ಕಾರು ಈಗ ಯಾರದ್ದು ಎಂದು ಬರೆಯಲಿ ಎಂದು ಬಗ್ಗಿ ಕೇಳುತ್ತೇನೆ.

"ಇವತ್ತು ಮೇಡಂದು. ನಾಳೆ ಕೊಪ್ಪದಲ್ಲಿ ಮದುವೆ, ಮದುಮಕ್ಕಳದ್ದು. ದಾರೀಲಿ ಕೆಟ್ಟು ನಿಂತ್ರೆ ನಂದು," ಎಂದು ನಗುತ್ತಾರೆ. ಆಮೇಲೆ ಏನೋ ನೆನಪಾಗಿ, ಅಂಗಿಯ ಜೇಬಿನಿಂದ ಎಸಳು ಮುದುಡದ ಹಾಗೆ ಒಂದು ಕೆಂಪು ದಾಸವಾಳ ತೆಗೆದು ನನ್ನ ಅಂಗೈಗೆ ಇಡುತ್ತಾರೆ.

"ಇದನ್ನ ಸ್ವಲ್ಪ ಹಿಡ್ಕೊಂಡಿರಿ ಸರ್. ಶೂಟಿಂಗ್ ಮುಗಿದ್ಮೇಲೆ ಬಾನೆಟ್ ಮೇಲೆ ವಾಪಸ್ ಇಡ್ಬೇಕು. ಶುಕ್ರವಾರ ಕಾರು ಅಮ್ಮಂದು."