ಕಣ್ಣು ಬಿಟ್ಟು ಮುಳುಗುವುದು

ಶಾಲೆಯಲ್ಲಿ ಭೂಗೋಳ ಪಾಠ ಹೇಳಿಯೇ ನಿವೃತ್ತಳಾದ ನಾನು ಒಂದೇ ಒಂದು ದ್ವೀಪವನ್ನೂ ನೋಡಿರಲಿಲ್ಲ. ಕರಿಹಲಗೆಯ ಮೇಲೆ ರಂಗೋಲಿಗೆ ಇಟ್ಟ ಹಾಗೆ ಚುಕ್ಕಿಗಳನ್ನಿಟ್ಟು 'ಇದು ದ್ವೀಪಸ್ತೋಮ' ಎನ್ನುತ್ತಿದ್ದೆ. ಹಾಗೆ ನೋಡಿದರೆ, ಯಾವ ಪೂಜೆಗೆ ಕೂತರೂ ಪುರೋಹಿತರು ಸಂಕಲ್ಪದಲ್ಲಿ ಜಂಬೂದ್ವೀಪದ ಹೆಸರು ಹೇಳಿಸುವುದರಿಂದ ನಾವು ಜಯನಗರದವರೆಲ್ಲ ದ್ವೀಪವಾಸಿಗಳೇ. ಅಷ್ಟಕ್ಕೆ ನನಗೆ ಸಮಾಧಾನವಿರಲಿಲ್ಲ. ಅಂಡಮಾನಿಗೆ ಹೋಗಬೇಕು, ನೀರೊಳಗೆ ತಲೆಯಿಟ್ಟು ಹವಳ ನೋಡಲೇಬೇಕು ಎಂದು ಹಠ ತೊಟ್ಟೆ.

"ಮೀನು ನೋಡೋಕೆ ಅಷ್ಟು ದೂರ ಯಾಕೆ? ಆ ಡೆಂಟಿಸ್ಟ್ ಕ್ಲಿನಿಕ್ಕಲ್ಲಿ ಅಕ್ವೇರಿಯಂ ಇದೆಯಲ್ಲೇ" ಎಂದರು ಯಜಮಾನರು.

"ಅಲ್ಲಿ ಹಲ್ಲು ಕೀಳ್ತಾರೆ. ನಾನು ಅಂಡಮಾನಿಗೇ ಹೋಗೋದು" ಎಂದು ಬನಶಂಕರಿಯ ಈಜುಕೊಳದಲ್ಲಿ ಹೆಂಗಸರ ಬ್ಯಾಚಿಗೆ ಸೇರಿದೆ. ಉಳಿದವರು ಆ ತುದಿ ಮುಟ್ಟಿ ಬರುವಾಗ ನಾನು ಕಂಬಿ ಹಿಡಿದು ಕಾಲು ಬಡಿಯುತ್ತಿದ್ದೆ. ಮಂಡಿನೋವು, ನೆಗಡಿ, ನೆಂಟರ ನಗು ಯಾವುದಕ್ಕೂ ಜಗ್ಗಲಿಲ್ಲ.

ಕೊನೆಗೂ ಚಟ್ನಿಪುಡಿ ಕಟ್ಟಿಕೊಂಡು ಹೊರಟೆವು. ನಾವು ಇಳಿದ ದ್ವೀಪದಲ್ಲಿ ಮನುಷ್ಯರಿಗಿಂತ ಏಡಿಗಳೇ ಹೆಚ್ಚು. ಒಂದು ಹಾರ್ನ್ ಕೂಡ ಕೇಳಿಸದೆ ಯಜಮಾನರು ಗಾಬರಿಯಾಗಿ ಕಿವಿ ತಟ್ಟಿ ನೋಡಿಕೊಂಡರು. ನಾನು ಮಾಸ್ಕ್ ಹಾಕಿಕೊಂಡು, ಎದೆಮಟ್ಟದ ನೀರಿನಲ್ಲಿ ನಿಂತು ಮೂರು ಸಲ ಮುಳುಗಿ ಎದ್ದೆ.

"ಏನ್ ಕಾಣಿಸ್ತು?" ದಡದಿಂದ ಕೂಗಿದರು.

"ಏನೂ ಇಲ್ಲ ರೀ. ಬರೀ ಕತ್ತಲೆ."

"ಕಣ್ಣು ಬಿಟ್ಟಿದ್ಯಾ?"

ಬಿಟ್ಟಿರಲಿಲ್ಲ. ಮಾಸ್ಕಿನ ಮೇಲೆಯೇ ಮೂಗನ್ನೂ ಹಿಡಿದುಕೊಂಡಿದ್ದೆ. ಚಿಕ್ಕಂದಿನಲ್ಲಿ ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಅಜ್ಜಿ ನನ್ನ ನೆತ್ತಿ ಅದುಮಿ, "ಕಣ್ಮುಚ್ಕೋ, ಮೂಗ್ ಹಿಡ್ಕೋ" ಎಂದು ಕಲಿಸಿದ ತೀರ್ಥಸ್ನಾನವನ್ನೇ ಅಷ್ಟು ದೂರ ಬಂದು ಮಾಡಿದ್ದೆ. ಉಪ್ಪುನೀರು ಸೋಕಿದ ಕೂಡಲೇ ಈಜುಕೊಳದ ಪಾಠವೆಲ್ಲ ಮರೆತುಹೋಗಿತ್ತು. ನಿಜ ಹೇಳಬೇಕೆಂದರೆ ಭಯವಾಗಿತ್ತು. ಹಾಗೆಂದು ವಾಪಸು ಬರುವುದುಂಟೇ? ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ಕಣ್ಣು ಅಗಲಿಸಿ ಮತ್ತೆ ಮುಳುಗಿದೆ.

ಹವಳದ ಸಂದಿಯಿಂದ ಹಳದಿ ಪಟ್ಟೆಯ ಮೀನೊಂದು ಹೊರಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, ತನ್ನ ಕೆಲಸಕ್ಕೆ ಹೋಯಿತು. ನನಗೆ ಅಳು ಬಂತು. ಮಾಸ್ಕಿನೊಳಗೆ ಅಳಬಾರದು, ಒರೆಸಿಕೊಳ್ಳಲಾಗುವುದಿಲ್ಲ.

ಮೊನ್ನೆ ಶ್ರೀರಂಗಪಟ್ಟಣಕ್ಕೆ ಹೋದಾಗ ಕಾವೇರಿಯಲ್ಲೂ ಕಣ್ಣು ಬಿಟ್ಟೇ ಮುಳುಗಿದೆ. ಕೆಸರು, ಯಾರದೋ ಕಾಲು ಬಿಟ್ಟರೆ ಏನೂ ಕಾಣಲಿಲ್ಲ. ಸೀರೆ ಹಿಂಡುತ್ತಾ ಮೆಟ್ಟಿಲ ಮೇಲೆ ನಿಂತಾಗ ಥಟ್ಟನೆ ಹೊಳೆಯಿತು. ಊರನ್ನು ಬಳಸಿಕೊಂಡು ಆ ಕಡೆಯೂ ಹೊಳೆ, ಈ ಕಡೆಯೂ ಹೊಳೆ. ನದೀದ್ವೀಪಕ್ಕೆ ಉದಾಹರಣೆ ಎಂದು ಪ್ರತಿ ವರ್ಷ ಮಕ್ಕಳಿಗೆ ಬರೆಸಿದವಳು ನಾನೇ.

"ರೀ, ಇದೂ ದ್ವೀಪ ಅಲ್ವಾ?" ಎಂದೆ.

"ಭೂಗೋಳದ ಟೀಚರ್ ನೀನು, ನನ್ನ ಕೇಳ್ತೀಯಲ್ಲ" ಎಂದು ಅವರು ಮೂಗು ಹಿಡಿದು, ಕಣ್ಣು ಮುಚ್ಚಿ ಮುಳುಗಿದರು.